ಲಿನಕ್ಸ್‌ನ ಹಳೇ 'ಪಿಟ್ರೇಸ್': ಕಿತ್ತು ಹಾಕುವಂತಿಲ್ಲ, ಹಾಗೇ ಬಿಡುವಂತೆಯೂ ಇಲ್ಲ!

ಪ್ರೋಗ್ರಾಂ ಎಲ್ಲಿ ಸಿಕ್ಕಿಕೊಂಡಿತು ಎಂದು ಜಿಡಿಬಿ, ಎಸ್‌ಟ್ರೇಸ್ ಬಳಸಿ ಹುಡುಕಿದ್ದೀರಾ? ಎರಡಕ್ಕೂ ಆಧಾರ ಲಿನಕ್ಸ್ ಕರ್ನಲ್‌ನ 'ಪಿಟ್ರೇಸ್'. ಒಂದು ಪ್ರೊಸೆಸ್ ಇನ್ನೊಂದನ್ನು ತಡೆದು, ಅದರ ಮೆಮೊರಿ ಓದಲು, ತಿದ್ದಲು ಬಿಡುವ ಈ ಸಿಸ್ಟಂ ಕಾಲ್ 1970ರ ದಶಕದ ಯುನಿಕ್ಸ್‌ನಿಂದ ಬಂದದ್ದು.

ತೊಂದರೆ ಇರುವುದು ಹಳೇ 'ಅಟ್ಯಾಚ್' ಕ್ರಮದಲ್ಲಿ. ಓಡುತ್ತಿರುವ ಪ್ರೊಸೆಸ್ ಹಿಡಿಯಲು ಕರ್ನಲ್ ಅದಕ್ಕೆ ಸಿಗ್‌ಸ್ಟಾಪ್ ಕಳಿಸುತ್ತದೆ. ಅದೇ ಹೊತ್ತಿಗೆ ಬೇರೆಯವರೂ ಸಿಗ್‌ಸ್ಟಾಪ್ ಕಳಿಸಿದರೆ ಯಾವುದು ಯಾರದ್ದು? ಡಿಬಗ್ಗರ್‌ಗೆ ತಿಳಿಯದು. ಸಾಲದ್ದಕ್ಕೆ, ನಿಗಾ ಇಡುವವನೇ ತಾತ್ಕಾಲಿಕ 'ಅಪ್ಪ'ನೂ ಆಗುತ್ತಾನೆ!

2011ರಲ್ಲಿ ತೇಜುನ್ ಹಿಯೊ, ಓಲೆಗ್ ನೆಸ್ಟೆರೊವ್ ಇದರ ಸ್ವಚ್ಛತೆಗೆ ಕೈಹಾಕಿದರು. 2012ರ 3.4 ಆವೃತ್ತಿಯಲ್ಲಿ, ಸಿಗ್ನಲ್ ಕಳಿಸದೆ ಅಂಟಿಕೊಳ್ಳುವ 'ಸೀಜ್' ಬಳಕೆಗೆ ಬಂತು. ಅಟ್ಯಾಚ್ ಮಾತ್ರ ಹೋಗಲಿಲ್ಲ. ಅದನ್ನೇ ನಂಬಿದ ಡಿಬಗ್ಗರ್‌ಗಳು ಕೆಡಬಾರದಲ್ಲ, ಲಿನಸ್ ಟೊರ್ವಾಲ್ಡ್ಸ್ ಅವರ ಕಟ್ಟಪ್ಪಣೆಯೇ ಅದು.

ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. 2019ರಲ್ಲಿ ಗೂಗಲ್‌ನ ಯಾನ್ ಹಾರ್ನ್ ಪತ್ತೆ ಮಾಡಿದಂತೆ, 'ಟ್ರೇಸ್‌ಮಿ' ಕೋರಿಕೆಯಲ್ಲಿ ಅಪ್ಪ ಪ್ರೊಸೆಸ್‌ನ ಅಧಿಕಾರವನ್ನು ಕರ್ನಲ್ ತಪ್ಪಾಗಿ ದಾಖಲಿಸುತ್ತಿತ್ತು. ಸಾಮಾನ್ಯ ಬಳಕೆದಾರನೂ ರೂಟ್ ಆಗಬಹುದಿತ್ತು! 5.1.17ರಲ್ಲಿ ಸರಿಯಾಯಿತು. ನಿಮ್ಮ ಸರ್ವರ್‌ನ ಆವೃತ್ತಿ ಸಂಖ್ಯೆ ಅದಕ್ಕಿಂತ ಹಳೆಯದೇ? ಗಾಬರಿ ಬೇಡ. ಉಬುಂಟು, ರೆಡ್‌ಹ್ಯಾಟ್‌ನವರು ಹಳೇ ಕರ್ನಲ್‌ಗೂ ಪ್ಯಾಚ್ ಕೊಡುತ್ತಾರೆ; ಅದನ್ನು ಹಾಕಿಕೊಂಡಿದ್ದೀರಾ ಎಂದಷ್ಟೇ ನೋಡಿಕೊಳ್ಳಿ.