ಹಣ್ಣಿನೊಳಗಿನ ಕಾವಲು

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಊರಿದೆ. ಹೆಸರಿನ ಮೊದಲಿಗೇ ಒಂದು ಹಣ್ಣಿನ ಮರವನ್ನಿಟ್ಟುಕೊಂಡಿರುವ ಆ ಸೀಮೆಯಲ್ಲಿ ಇಂದು ಲೆಕ್ಕಕ್ಕೆ ಬರುವ ಹಣ್ಣೆಂದರೆ ಕಾಫಿ. ಅದರಲ್ಲಿಯೂ ಬೆಲೆ ಬೀಜಕ್ಕೆ, ಕೆಂಪು ಸಿಪ್ಪೆಗಲ್ಲ. ಮಲೆನಾಡಿನ ಹಿತ್ತಿಲ ಪೇರಳೆಯನ್ನಾಗಲಿ ಗುಡ್ಡದ ನೆಲ್ಲಿಯನ್ನಾಗಲಿ ತೂಗಿ ನೋಡುವವರು ಕಡಿಮೆ. ವಿಜ್ಞಾನಿಗಳು ತೂಗಿ ನೋಡಿದ್ದಾರೆ.

ಹೆಚ್ಚಿಟ್ಟ ಸೇಬು ಸ್ವಲ್ಪ ಹೊತ್ತಿನಲ್ಲಿ ಕಂದುಗಟ್ಟುವುದನ್ನು ತಾವೆಲ್ಲ ಕಂಡಿದ್ದೀರಿ. ಗಾಳಿಯ ಆಮ್ಲಜನಕ ಹಣ್ಣಿನ ರಸದೊಡನೆ ಕೂಡಿದ್ದರ ಫಲ ಅದು. ಈ ಕ್ರಿಯೆಗೆ ಉತ್ಕರ್ಷಣವೆಂದು ಹೆಸರು. ನಿಂಬೆರಸ ಸವರಿದರೆ ಬಣ್ಣ ಕೆಡುವುದು ತಡವಾಗುತ್ತದೆ. ನಿಂಬೆಯ ಹುಳಿಯೂ ಅದರಲ್ಲಿನ ‘ಸಿ’ ಜೀವಸತ್ವವೂ ಅಡ್ಡ ನಿಲ್ಲುತ್ತವೆ. ನಮ್ಮ ಮೈಯೊಳಗೂ ಇದಕ್ಕೆ ಹೋಲುವ ವ್ಯವಹಾರ ನಡೆದೇ ಇರುತ್ತದೆ. ಜೀವಕೋಶಗಳು ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವಾಗ, ಜೋಡಿ ತಪ್ಪಿದ ಇಲೆಕ್ಟ್ರಾನುಳ್ಳ ಚಂಚಲವಾದ ಅಣುಗಳು ಹುಟ್ಟುತ್ತವೆ. ಅವು ನೆರೆಯ ಅಣುಗಳಿಂದ ಇಲೆಕ್ಟ್ರಾನನ್ನು ಕಿತ್ತುಕೊಂಡು ಕೋಶದ ಪೊರೆಗೂ ವರ್ಣತಂತುಗಳಿಗೂ ಹಾನಿ ಮಾಡಬಲ್ಲವು. ತಾವೇ ಇಲೆಕ್ಟ್ರಾನನ್ನಿತ್ತು ಅವನ್ನು ಶಾಂತಗೊಳಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ನೇರಳೆಯ ಕಡುನೀಲಿ, ಪರಂಗಿಯ ಕೇಸರಿ, ನೆಲ್ಲಿಯ ಒಗರು ಇವೆಲ್ಲ ಅಂಥ ವಸ್ತುಗಳ ಗುರುತುಗಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಹಣ್ಣುಗಳನ್ನು ಪರೀಕ್ಷಿಸಿದ್ದು ೨೦೧೧ರಲ್ಲಿ ಸುದ್ದಿಯಾಯಿತು. ತಾಜಾ ಹಣ್ಣುಗಳಲ್ಲಿ ಮೊದಲ ಸ್ಥಾನ ಪಡೆದದ್ದು ಸೀಬೆ, ಎಂದರೆ ಮಲೆನಾಡಿನ ಪೇರಳೆ. ಸೇಬು ಬಹಳ ಹಿಂದೆ ಉಳಿಯಿತು. ಆಸ್ಪತ್ರೆಗೆ ರೋಗಿಯನ್ನು ನೋಡಹೋಗುವಾಗ ಸೇಬನ್ನೊಯ್ಯುವುದೇ ಮರ್ಯಾದೆಯೆಂದು ನಂಬಿದ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ ಸರಿ. ‘ಸಿ’ ಜೀವಸತ್ವದಲ್ಲಂತೂ ಸೀಬೆ ಕಿತ್ತಳೆಯ ಮೂರು ನಾಲ್ಕು ಪಟ್ಟು. ನೆಲ್ಲಿ ಅದನ್ನೂ ಮೀರಿಸುತ್ತದೆ. ಕಾಫಿಪ್ರಿಯರೂ ಬೇಸರಪಡಬೇಕಾಗಿಲ್ಲ. ನಾರ್ವೆ ದೇಶದವರ ಆಹಾರವನ್ನು ಕುರಿತು ೨೦೦೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರಿಗೆ ಈ ವಸ್ತುಗಳನ್ನು ಅತಿ ಹೆಚ್ಚಾಗಿ ಒದಗಿಸುತ್ತಿದ್ದುದು ಕಾಫಿಯೇ ಎಂದು ತಿಳಿದುಬಂತು. ಕುಡಿಯುವ ಪ್ರಮಾಣವೇ ಅಷ್ಟಿರುವಾಗ ಆಶ್ಚರ್ಯವೇನು!

ಹಾಗಿದ್ದರೆ ಸಾರವನ್ನಷ್ಟೇ ಬೇರ್ಪಡಿಸಿ ಗುಳಿಗೆಯಾಗಿ ನುಂಗಬಾರದೇಕೆ? ಫಿನ್‌ಲೆಂಡಿನಲ್ಲಿ ಹೀಗೆಯೇ ಯೋಚಿಸಿ, ೨೯,೧೩೩ ಮಂದಿ ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಸಿದರು. ಕೆಲವರಿಗೆ ಪರಂಗಿಗೂ ಮಾವಿಗೂ ಬಣ್ಣ ಕೊಡುವ ಬೀಟಾ ಕ್ಯಾರೊಟೀನನ್ನು ವರ್ಷಗಟ್ಟಲೆ ಕೊಟ್ಟರು. ೧೯೯೪ರಲ್ಲಿ ಫಲಿತಾಂಶ ಹೊರಬಿದ್ದಾಗ ವೈದ್ಯಲೋಕ ಬೆಚ್ಚಿತು: ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ ೧೮ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇನ್ನೊಂದು ಪ್ರಯೋಗವನ್ನು ಇಂಥದೇ ಕಾರಣಕ್ಕೆ ೧೯೯೬ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಆ ಚಂಚಲ ಅಣುಗಳೂ ಮೈಗೆ ಕೇವಲ ಶತ್ರುಗಳಲ್ಲ. ರೋಗಾಣುಗಳನ್ನು ಕೊಲ್ಲಲು ಬಿಳಿಯ ರಕ್ತಕಣಗಳು ಅವನ್ನೇ ಆಯುಧ ಮಾಡಿಕೊಳ್ಳುತ್ತವೆ.

ಹಣ್ಣು ತಿನ್ನುವವರಲ್ಲಿ ಹೃದ್ರೋಗ, ಪಾರ್ಶ್ವವಾಯುಗಳು ಕಡಿಮೆಯೆಂಬುದು ಮಾತ್ರ ಹಲವು ದೇಶಗಳಲ್ಲಿ ಕಂಡ ಮಾತು. ಅದರ ಶ್ರೇಯಸ್ಸು ಯಾವುದೋ ಒಂದು ವಸ್ತುವಿಗಷ್ಟೇ ಸಲ್ಲದು. ನಾರು, ಲವಣ, ಬಣ್ಣ, ಒಗರು ಎಲ್ಲಕ್ಕೂ ಅದರಲ್ಲಿ ಪಾಲಿರಬೇಕು. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ ೪೦೦ ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೇರಳೆಯನ್ನು ತಿನ್ನುವಾಗ ಸಿಪ್ಪೆ ಹೆರೆಯಬೇಡಿ. ತಿರುಳಿಗಿಂತ ಸಿಪ್ಪೆಯಲ್ಲಿಯೇ ‘ಸಿ’ ಜೀವಸತ್ವ ಹೆಚ್ಚು. ಮಲೆನಾಡಿನ ಹುಡುಗರು ಮರದ ಮೇಲೆ ಕುಳಿತೇ ಕಚ್ಚಿ ತಿನ್ನುತ್ತಾರಲ್ಲ, ಹಾಗೆ.