ಕಸ್ತೂರಬಾ ರಸ್ತೆಯ ಚಿತ್ರಶಾಲೆ

ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಬೆಂಗಳೂರು ದೂರದ ಊರಲ್ಲ. ಆಸ್ಪತ್ರೆ, ಕಚೇರಿ, ಕೋರ್ಟು, ನೆಂಟರ ಮದುವೆ ಎಂದು ಹೋಗಿ ಬರುವುದು ಇದ್ದೇ ಇದೆ. ಹಾಗೆ ಹೋದಾಗ ಅರ್ಧ ದಿನ ಉಳಿದರೆ ಎಲ್ಲಿಗೆ ಹೋಗಬೇಕೆಂದು ಯಾರಾದರೂ ಕೇಳಿದರೆ, ನಾನು ಹೇಳುವುದು ಕಸ್ತೂರಬಾ ರಸ್ತೆಯ ‘ಮ್ಯಾಪ್’.

ಪೂರ್ತಿ ಹೆಸರು ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಉದ್ಯಮಿ ಅಭಿಷೇಕ್ ಪೊದ್ದಾರ್ ತಮ್ಮ ಸಂಗ್ರಹದ ಕಲಾಕೃತಿಗಳನ್ನು ಕೊಟ್ಟು ಹುಟ್ಟುಹಾಕಿದ ಖಾಸಗಿ ಸಂಸ್ಥೆ ಇದು. 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆಯಿತು. ಹೊರಮೈ ತುಂಬ ಉಬ್ಬುಗೆರೆಯ ಉಕ್ಕಿನ ಹಲಗೆಗಳಿದ್ದು, ಕಟ್ಟಡ ದೂರಕ್ಕೆ ಹಳೆಯ ನೀರಿನ ಟ್ಯಾಂಕಿನಂತೆ ಕಾಣುತ್ತದೆ.

ಸಮಕಾಲೀನ ಕಲೆ ಎಂದೊಡನೆ ನಮ್ಮ ಕಡೆಯವರು ಹಿಂಜರಿಯುತ್ತಾರೆ. ಅದೆಲ್ಲ ತಿಳಿದವರಿಗೆ, ದುಡ್ಡಿದ್ದವರಿಗೆ ಎಂಬ ಅಳುಕು. ಆದರೆ ಇಲ್ಲಿನ ಸಂಗ್ರಹದಲ್ಲಿ ಹೆಸರಾಂತ ಕಲಾವಿದರ ಕೃತಿಗಳ ಜೊತೆಗೇ ಸಿನಿಮಾ ಪೋಸ್ಟರು, ಬಟ್ಟೆಬರೆ, ಜನಪದ ಮತ್ತು ಬುಡಕಟ್ಟು ಕಲೆಗೂ ಜಾಗವಿದೆ. ಆರಂಭದ ಪ್ರದರ್ಶನಗಳಲ್ಲಿ ಒಂದು ಜ್ಯೋತಿ ಭಟ್ಟರ ಛಾಯಾಚಿತ್ರಗಳದು. ಬರೋಡಾದ ಈ ಕಲಾವಿದ ದಶಕಗಳ ಕಾಲ ಹಳ್ಳಿ ಹಳ್ಳಿ ತಿರುಗಿ, ಹೆಣ್ಣುಮಕ್ಕಳು ಗೋಡೆಯ ಮೇಲೆ, ನೆಲದ ಮೇಲೆ ಬರೆದ ಚಿತ್ತಾರಗಳನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟರು. ಮಳೆ ಬಂದರೆ, ಸುಣ್ಣ ಬಳಿದರೆ ಅಳಿಸಿಹೋಗುವ ಕಲೆ ಅದು. ಬರೆದವರ ಹೆಸರು ಎಲ್ಲೂ ಉಳಿಯುವುದಿಲ್ಲ. ಮುಂಜಾನೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ನಮ್ಮ ತಾಯಂದಿರು ಇಂಥ ಚಿತ್ರಗಳ ಮುಂದೆ ನಿಂತರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಕಲೆ ತಮಗೆ ಸಂಬಂಧಿಸಿದ್ದಲ್ಲ ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳೂ ಇಲ್ಲಿ ಪ್ರದರ್ಶನಗೊಂಡಿವೆ. ಪತ್ರಿಕಾ ಛಾಯಾಗ್ರಹಣಕ್ಕೆ ದೇಶದಲ್ಲೇ ಘನತೆ ತಂದವರಲ್ಲಿ ಸತ್ಯನ್ ಒಬ್ಬರು. 1977ರಲ್ಲಿ ಪದ್ಮಶ್ರೀ ಪಡೆದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಕ್ಯಾಮೆರಾ ಹುಡುಕಿದ್ದು ದೊಡ್ಡವರನ್ನಲ್ಲ, ದಿನದ ಬದುಕಿನಲ್ಲಿ ಮುಳುಗಿದ ಸಾಮಾನ್ಯರನ್ನು. ಮೊಬೈಲಿನಲ್ಲಿ ಬೆರಳು ಸರಿಸಿ ದಾಟಿಬಿಡುವ ಕಪ್ಪು ಬಿಳುಪಿನ ಚಿತ್ರ, ಅಚ್ಚಾಗಿ ಗೋಡೆ ಏರಿದಾಗ ನಮ್ಮನ್ನು ನಿಲ್ಲಿಸುತ್ತದೆ. ನೆರಳಿನೊಳಗಿನ ಮುಖ, ಮೂಲೆಯಲ್ಲಿ ಬಿದ್ದ ಪಾತ್ರೆ ಆಗಷ್ಟೇ ಕಣ್ಣಿಗೆ ಬೀಳುತ್ತವೆ. ಅಷ್ಟು ಹೊತ್ತು ಒಂದೇ ಚಿತ್ರವನ್ನು ನೋಡುವ ತಾಳ್ಮೆ ನಮಗಿರಬೇಕು, ಅಷ್ಟೇ.

ಆ ತಾಳ್ಮೆ ನಮ್ಮ ಜಿಲ್ಲೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿನ 1780ರ ಪೊಳ್ಳಿಲೂರು ಕಾಳಗದ ಚಿತ್ರವನ್ನು ಕುದುರೆ ಕುದುರೆಯಾಗಿ ಗಮನಿಸಿ ನೋಡಿದವರಿಗೆ ಯಾವ ಗ್ಯಾಲರಿಯೂ ಕಷ್ಟವಾಗದು.

ಮಂಡ್ಯ, ಮದ್ದೂರಿನವರು ರೈಲಿನಲ್ಲೋ ಬಸ್ಸಿನಲ್ಲೋ ಬಂದು ಕೆಂಗೇರಿಯಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬರಬಹುದು. ಅಲ್ಲಿಂದ ಮ್ಯಾಪ್‌ಗೆ ನಡೆದೇ ಹೋಗಬಹುದು. ಮಳವಳ್ಳಿಗೆ ರೈಲಿಲ್ಲ, ಹಲಗೂರು, ಕನಕಪುರದ ಮೇಲೆ ಬಸ್ಸೇ ಗತಿ. ಸಮಯ ಉಳಿದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನೂ ನೋಡಬೇಕು. ಹಳೆಯ ಮರಗಳ ನೆರಳಿನ ಆ ಆವರಣವೇ ಒಂದು ಸುಖ. ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಗದ್ದಲವನ್ನು ಇಷ್ಟಪಡುವವರಿಗೆ.

ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಚಿತ್ರಕಲಾ ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ಮ ಪ್ರವಾಸದ ಬಸ್ಸು ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೇಗೂ ಬರುತ್ತದೆ. ಮ್ಯಾಪ್ ಇರುವುದು ಅದೇ ರಸ್ತೆಯಲ್ಲಿ. ಈ ವರ್ಷ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ. ಸೋಮವಾರ ಮಾತ್ರ ಬೇಡ, ಅಂದು ರಜೆ.