ಕೈಗವಸು ಎಷ್ಟು ಹೊತ್ತು ಕಾಯುತ್ತದೆ?

ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ, ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ ಎದುರಾಗುತ್ತದೆ. ದೊಡ್ಡಬಳ್ಳಾಪುರವಾದರೋ ರೇಷ್ಮೆಯ ನೇಯ್ಗೆಗೆ ಹೆಸರಾದ ಊರು. ಕಚ್ಚಾ ರೇಷ್ಮೆಗೆ ಬಣ್ಣ ಹಾಕುವ ಮುನ್ನ ಅದರ ಲಡಿಗಳನ್ನು ಸಾಬೂನು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬೇಯಿಸಿ ಅಂಟನ್ನು ತೆಗೆಯಬೇಕು. ಈ ಅಂಟು ಸೆರಿಸಿನ್ ಎಂಬ ಪ್ರೋಟೀನು. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ನಮ್ಮ ಚರ್ಮದಲ್ಲಿರುವುದೂ ಬಹುಮಟ್ಟಿಗೆ ಪ್ರೋಟೀನೇ. ರೇಷ್ಮೆಯ ಅಂಟು ಯಾವುದು, ಕೆಲಸಗಾರನ ಅಂಗೈ ಯಾವುದು ಎಂಬ ಭೇದವನ್ನು ಕ್ಷಾರವು ಅರಿಯದು. ಕಾಸ್ಟಿಕ್ ಸೋಡಾ ತಾಗಿದ ಬೆರಳು ಜಾರುವುದೇಕೆ? ಚರ್ಮದ ಜಿಡ್ಡೇ ಸಾಬೂನಾಗಿ ಮಾರ್ಪಡುತ್ತಿರುವುದರಿಂದ!

ಆದುದರಿಂದಲೇ ಕೈಗವಸು ಬೇಕು. ಶಸ್ತ್ರವೈದ್ಯರ ರಬ್ಬರ್ ಕೈಗವಸಿನ ಕಥೆಯೂ ರಾಸಾಯನಿಕದಿಂದಲೇ ಮೊದಲಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1889-90ರ ಚಳಿಗಾಲದಲ್ಲಿ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ಪಾದರಸದ ಕ್ಲೋರೈಡಿನಿಂದ ಹುಣ್ಣಾದವು. ಅದನ್ನು ಕಂಡ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ತೆಳುವಾದ ರಬ್ಬರ್ ಕೈಗವಸುಗಳನ್ನು ಮಾಡಿಸಿಕೊಟ್ಟರು. ರೋಗಾಣುಗಳನ್ನು ತಡೆಯುವ ಅವುಗಳ ಗುಣ ಜನರ ಗಮನಕ್ಕೆ ಬಂದುದು ಅನಂತರ.

ಹಾಗಾದರೆ ಕೈಗವಸು ತೊಟ್ಟೊಡನೆ ನಾವು ನಿಶ್ಚಿಂತರೇ? ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಕೊಂಡ ಬಲೂನನ್ನು ನೆನೆಯೋಣ. ಬಾಯಿಯನ್ನು ಎಷ್ಟು ಬಿಗಿಯಾಗಿ ಕಟ್ಟಿದರೂ ಕೆಲವು ದಿನಗಳಲ್ಲಿ ಅದು ಸೊರಗುತ್ತದೆ. ರಬ್ಬರಿನಲ್ಲಿ ತೂತಿಲ್ಲ, ಅನಿಲದ ಅಣುಗಳು ರಬ್ಬರಿನಲ್ಲೇ ಕರಗಿ, ಅದರ ಉದ್ದನೆಯ ಅಣುಗಳ ನಡುವೆ ನುಸುಳಿ ಹೊರಬೀಳುತ್ತವೆ. ಇದೇ ವಿಸರಣೆ. ಕೈಗವಸಿನ ಮೇಲೆ ಬಿದ್ದ ದ್ರವವೂ ಹೀಗೆಯೇ ಸದ್ದಿಲ್ಲದೆ ಒಳಕ್ಕೆ ಬರಬಲ್ಲದು.

ಇದರ ಘೋರ ಸಾಕ್ಷ್ಯ 1996ರ ಆಗಸ್ಟಿನಲ್ಲಿ ದೊರೆಯಿತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಅವರು ತೊಟ್ಟಿದ್ದ ಲೇಟೆಕ್ಸ್ ಕೈಗವಸಿನ ಮೇಲೆ ಡೈಮೀಥೈಲ್ ಪಾದರಸದ ಕೆಲವು ಹನಿಗಳು ಬಿದ್ದವು. ಅವರು ಅಜಾಗರೂಕರಾಗಿರಲಿಲ್ಲ, ಅಂದಿಗೆ ತಿಳಿದಿದ್ದ ಎಚ್ಚರಿಕೆಗಳನ್ನೆಲ್ಲ ಕೈಗೊಂಡಿದ್ದರು. ತಿಂಗಳುಗಳ ಬಳಿಕ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು ಅವರು ತೀರಿಕೊಂಡರು. ಆ ವಿಷವು ಅಂಥ ಕೈಗವಸನ್ನು 15 ಸೆಕೆಂಡಿನೊಳಗೇ ದಾಟಬಲ್ಲದೆಂದು ಅನಂತರದ ಪರೀಕ್ಷೆ ತೋರಿಸಿತು.

ಆದುದರಿಂದ ಕೇಳಬೇಕಾದ ಪ್ರಶ್ನೆ, ಕೈಗವಸು ಇದೆಯೇ ಎಂದಲ್ಲ. ಯಾವ ದ್ರವಕ್ಕೆ ಯಾವ ಕೈಗವಸು, ಎಷ್ಟು ಹೊತ್ತು ಎಂದು. ಸೀಮೆಎಣ್ಣೆಯಲ್ಲಿ ಸಹಜ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ನೈಟ್ರೈಲ್ ರಬ್ಬರು ತಾಳಿಕೊಳ್ಳುತ್ತದೆ. ಅದೇ ನೈಟ್ರೈಲ್ ಅಸಿಟೋನಿನ ಮುಂದೆ ಸೋಲುತ್ತದೆ. ಅಲ್ಲಿ ಬ್ಯೂಟೈಲ್ ರಬ್ಬರು ಬೇಕು. ದಪ್ಪಕ್ಕೂ ಬೆಲೆಯುಂಟು. ಅಣುಗಳು ನೇರವಾಗಿ ನಡೆಯದೆ ಅತ್ತಿತ್ತ ತಡವರಿಸುತ್ತ ಸಾಗುವುದರಿಂದ, ದಾಟುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅದೇ ವಸ್ತುವಿನ ಕೈಗವಸಿನ ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ!

ಇನ್ನೊಂದು ಮಾತು. ತಿರುಗುವ ಯಂತ್ರದ ಬಳಿ ಕೈಗವಸೇ ಅಪಾಯ. ಅದು ಉರುಳೆಗೆ ಸಿಕ್ಕಿದರೆ ಕೈಯನ್ನೂ ಎಳೆದೊಯ್ಯುತ್ತದೆ. ಕಳಚುವಾಗ ಹೊರಮೈ ಬರಿಗೈಗೆ ತಾಗದಂತೆ ಒಳಮೈ ಹೊರಗಾಗಿ ಮಗುಚಿ ತೆಗೆಯಬೇಕು. ಬಳಿಕ ಕೈ ತೊಳೆಯಬೇಕು.

ನಾಳೆ ಪ್ರಯೋಗಶಾಲೆಯಲ್ಲಿ ಸೀಸೆಯನ್ನು ಎತ್ತುವ ಮುನ್ನ ಅದರ ಚೀಟಿಯನ್ನು ಓದೋಣ. ಕೈಗವಸು ಕೋಟೆಯ ಗೋಡೆಯಲ್ಲ. ಅದು ನಮಗೆ ಒಂದಿಷ್ಟು ಕಾಲವನ್ನು ಗಳಿಸಿಕೊಡುವ ಕಾವಲುಗಾರ. ಆ ಕಾಲದೊಳಗೆ ಕೆಲಸ ಮುಗಿಸುವುದು, ಹನಿ ಬಿದ್ದೊಡನೆ ಕೈಗವಸನ್ನು ಬದಲಿಸುವುದು ನಮ್ಮ ಹೊಣೆ.